ಇಪ್ಪತ್ತಾರು ಘನ ಮೀಟರ್ ಗಾಳಿ

ಬಾಗಿಲನ್ನು ಎಳೆದು ಮುಚ್ಚಿದವಳು ರಚನಾಳೇ.

ಗೋಡೆಗೆ ನೇತುಹಾಕಿದ್ದ ತೇವಮಾಪಕದ ಮುಳ್ಳು ನಲವತ್ತೆಂಟರಿಂದ ಐವತ್ತಮೂರಕ್ಕೆ ಏರುವುದನ್ನು ಅವಳು ಕಂಡಳು. ಹೊರಗೆ ಜೂನ್ ತಿಂಗಳ ಜಿಗುಟು ಸೆಕೆ. ಒಳಗೆ ಕಪಾಟುಗಳಲ್ಲಿ ಅರವತ್ತು ವರ್ಷ ಹಳೆಯ ಕಾಗದ. ಆಟಗಾರರ ಚಿತ್ರದ ಹಳೆ ಕಾರ್ಡು ಕೂಡಿಡುವವರು ಯಾರೇ ಆಗಿದ್ದರೂ ಅದನ್ನೇ ಮಾಡುತ್ತಿದ್ದರು. ಕಾಲಿಗೆ ಅಡ್ಡ ಸಿಕ್ಕ ಮರದ ತುಂಡೊಂದನ್ನು ಪಕ್ಕಕ್ಕೆ ನೂಕಿ, ಭಾರದ ಕಬ್ಬಿಣದ ಬಾಗಿಲನ್ನು ಎರಡೂ ಕೈಯಿಂದ ತನ್ನ ಕಡೆಗೆ ಎಳೆದುಕೊಂಡಳು.

"ಬೇಡ, ಮುಚ್ಚಬೇಡಿ!" ಎಂದು ಮನೆಯ ಯಜಮಾನರಾದ ಮುದುಕ ಹೆರ್ ಕ್ಲಾಯ್ಬರ್ ಜರ್ಮನ್‌ನಲ್ಲಿ ಕೂಗಿದರು.

ಅಷ್ಟರಲ್ಲಿ ಬಾಗಿಲಿನ ಅಂಚಿನ ಹೊಸ ರಬ್ಬರು ಚೌಕಟ್ಟಿಗೆ ಕಚ್ಚಿಕೊಂಡಿತ್ತು. ಹೊರಗಿನ ಹಿಡಿಕೆ ತನ್ನ ಭಾರಕ್ಕೆ ತಾನೇ ಕೆಳಗೆ ಬಿತ್ತು. ದೊಡ್ಡ ಸದ್ದೇನಲ್ಲ, ಫ್ರಿಜ್ ಮುಚ್ಚಿದಷ್ಟೇ.

ಮುದುಕರು ಕೈಯಲ್ಲಿದ್ದ ಪೆಟ್ಟಿಗೆಯನ್ನು ಮೇಜಿನ ಮೇಲಿಟ್ಟು ಬಾಗಿಲ ಹತ್ತಿರ ಬಂದರು. ಒಳಗಡೆ ಹಿಡಿಕೆ ಇರಬೇಕಾದ ಜಾಗದಲ್ಲಿ ಮುರಿದ ಸರಳಿನ ಮೊಂಡು ತುದಿಯೊಂದು ಮಾತ್ರ ಇತ್ತು. ಅದರ ಮೇಲೆ ಬೆರಳಾಡಿಸಿದರು.

"ಮಾರ್ಚ್‌ನಲ್ಲಿ ಮುರಿಯಿತು. ಅದಕ್ಕೇ ಆ ಮರದ ತುಂಡು ಇಟ್ಟಿದ್ದೆ."

ರಚನಾ ಬಾಗಿಲನ್ನು ತಳ್ಳಿದಳು. ಭುಜ ಕೊಟ್ಟು ತಳ್ಳಿದಳು. ಗೋಡೆಯನ್ನು ತಳ್ಳಿದ ಹಾಗಾಯಿತು. ಯುದ್ಧದ ಕಾಲದಲ್ಲಿ ಬಾಂಬಿನಿಂದ ತಪ್ಪಿಸಿಕೊಳ್ಳಲು ಕಟ್ಟಿದ ನೆಲಮಾಳಿಗೆ ಇದು ಎಂದು ಮೆಟ್ಟಿಲಿಳಿಯುವಾಗ ಅವರೇ ಹೆಮ್ಮೆಯಿಂದ ಹೇಳಿದ್ದರು. ರೈನ್ ನದಿಯ ತೇವ ಒಳಗೆ ಬಾರದಿರಲೆಂದು ಹೋದ ವರ್ಷ ಸುತ್ತಲೂ ರಬ್ಬರು ಹಾಕಿಸಿದ್ದರಂತೆ. ಆಗ ರಚನಾ ತಲೆದೂಗಿ, ತನ್ನ ಮನೆಯಲ್ಲೂ ಹೀಗೊಂದು ಕೋಣೆ ಇದ್ದಿದ್ದರೆ ಎಂದುಕೊಂಡಿದ್ದಳು.

ಫೋನ್ ತೆಗೆದಳು. ಸಿಗ್ನಲ್ ಇರಲಿಲ್ಲ. ತುರ್ತು ಕರೆಯ ನಂಬರ್ ಒತ್ತಿದಳು. ಅದೂ ಹೋಗಲಿಲ್ಲ. ಕೋಣೆಯ ನಾಲ್ಕು ಮೂಲೆಗೂ ಹೋಗಿ ಕೈಯೆತ್ತಿ ನೋಡಿದಳು. ಮೂರು ಗಂಟೆ ಹದಿನೆಂಟು ನಿಮಿಷ. ಶನಿವಾರ.

"ಮನೆಯಲ್ಲಿ ಬೇರೆ ಯಾರಿದ್ದಾರೆ?"

"ಯಾರೂ ಇಲ್ಲ. ಮಗಳು ಬುಧವಾರ ಬರುತ್ತಾಳೆ."

ರಚನಾ ಮೈಸೂರಿನವಳು, ಈಗ ಇರುವುದು ಜರ್ಮನಿಯಲ್ಲಿ. ಕಾರ್ಲ್ಸ್‌ರುಹೆಯಲ್ಲಿ ಮನೆ, ಶ್ವೀಬರ್ಡಿಂಗೆನ್‌ನಲ್ಲಿ ಕೆಲಸ. ಕಾರಿನೊಳಗಿನ ಗಾಳಿ ಎಷ್ಟು ಕೆಟ್ಟಿದೆ ಎಂದು ಅಳೆಯುವ ಸೆನ್ಸರ್‌ಗಳನ್ನು ಪರೀಕ್ಷಿಸುವುದೇ ಅವಳ ಕೆಲಸ. ಆದ್ದರಿಂದ ಬೇಡವೆಂದರೂ ತಲೆ ಲೆಕ್ಕ ಹಾಕತೊಡಗಿತು. ನಾಲ್ಕು ಮೀಟರ್ ಉದ್ದ, ಮೂರು ಅಗಲ, ಎರಡು ಚಿಲ್ಲರೆ ಎತ್ತರ. ಇಪ್ಪತ್ತಾರು ಘನ ಮೀಟರ್ ಗಾಳಿ, ಉಸಿರಾಡುವವರು ಇಬ್ಬರು. ಸುಮ್ಮನೆ ಕೂತರೆ ನಾಳೆ ಮಧ್ಯಾಹ್ನಕ್ಕೆ ತಲೆನೋವು. ಸೋಮವಾರ ಮಂಪರು. ಬುಧವಾರ ಮಗಳು ಬಂದು ಬಾಗಿಲು ತೆಗೆಯುವಾಗ ಹೇಗಿರುತ್ತೇವೆ ಎಂಬಲ್ಲಿಗೆ ಲೆಕ್ಕ ನಿಲ್ಲಿಸಿದಳು. ಗಾಳಿಯ ತೇವ ಹೀರುವ ಯಂತ್ರ ಮೂಲೆಯಲ್ಲಿ ಗುಂಯ್‌ಗುಡುತ್ತಿತ್ತು. ಒಂದೊಂದು ಉಸಿರನ್ನೂ ಅದು ಒಣಗಿಸಿ ವಾಪಸು ಕೊಡುತ್ತಿರುವ ಹಾಗೆ ಅವಳಿಗನಿಸಿತು.

ಇದೆಲ್ಲ ಒಂದು ಕಟ್ಟು ಕಾರ್ಡಿಗಾಗಿ. ಬೇಸ್‌ಬಾಲ್ ಹೇಗೆ ಆಡುತ್ತಾರೆ ಎಂಬುದೂ ರಚನಾಳಿಗೆ ಸರಿಯಾಗಿ ಗೊತ್ತಿರಲಿಲ್ಲ. ಆರು ವರ್ಷದ ಕೆಳಗೆ ಸಂತೆಯೊಂದರಲ್ಲಿ, ಅಮೆರಿಕನ್ ಸೈನಿಕರು ಬಿಟ್ಟುಹೋದ ಸಾಮಾನುಗಳ ರಾಶಿಯಲ್ಲಿ, ಬ್ಯಾಟು ಹಿಡಿದವನೊಬ್ಬ ಕ್ಯಾಮೆರಾಗೆ ಬೆನ್ನು ಹಾಕಿ ನಿಂತ ಕಾರ್ಡೊಂದು ಸಿಕ್ಕಿತ್ತು. ನಾಯಿ ಬಿಸ್ಕತ್ತಿನ ಪೊಟ್ಟಣದೊಳಗೆ ಬಂದ ಕಾರ್ಡು ಅದು. ಅಂಥವನ್ನೇ ಹುಡುಕತೊಡಗಿದಳು. ದೊಡ್ಡ ಕಂಪನಿಗಳ ನುಣುಪು ಕಾರ್ಡುಗಳು ಅವಳಿಗೆ ಬೇಡ. ಹಾಲಿನ ಡಬ್ಬಿಯಿಂದ ಕತ್ತರಿಸಿದವು, ಪೊಲೀಸರು ಶಾಲೆಗಳಲ್ಲಿ ಹಂಚಿದವು, ಆಟಗಾರನ ಹೆಸರಿಗೆ ಬೇರೆಯವನ ಮುಖ ಅಂಟಿದವು. ಅವಳ ಗಂಡ ಅನೂಪ್ ಇವಕ್ಕೆ ತಿಕ್ಕಲು ಕಾರ್ಡು ಎಂದು ಹೆಸರಿಟ್ಟಿದ್ದ.

ಕ್ಲಾಯ್ಬರ್ ಅವರ ಬಳಿ ಇದ್ದದ್ದು ಅವುಗಳ ಪೈಕಿಯೂ ತಿಕ್ಕಲು. ಹರೆಯದಲ್ಲಿ ಅವರು ಅಮೆರಿಕನ್ ಬ್ಯಾರಕ್ಕಿನ ಮೈದಾನದ ಹುಲ್ಲು ನೋಡಿಕೊಳ್ಳುತ್ತಿದ್ದರು. ಅಲ್ಲಿನ ಬೇಕರಿಯವನೊಬ್ಬ ಸೈನಿಕರ ತಂಡದ ಫೋಟೋಗಳನ್ನು ಕಾರ್ಡು ಮಾಡಿಸಿ ಬ್ರೆಡ್ಡಿನ ಪೊಟ್ಟಣಗಳಲ್ಲಿ ಹಾಕಿದ್ದ. ಒಟ್ಟು ಇಪ್ಪತ್ತೆಂಟು. ಒಬ್ಬ ಬ್ಯಾಟನ್ನು ತಲೆಕೆಳಗಾಗಿ ಹಿಡಿದಿದ್ದ. ಒಬ್ಬ ಅಡುಗೆಯವನ ಏಪ್ರನ್‌ನಲ್ಲೇ ನಿಂತಿದ್ದ. ಹಿಂಬದಿಯಲ್ಲಿ ಆಟದ ಅಂಕಿಗಳ ಬದಲು ಆ ಬ್ರೆಡ್ಡನ್ನು ಎಷ್ಟು ದಪ್ಪಕ್ಕೆ ಕೊಯ್ಯಬೇಕು ಎಂಬ ಸೂಚನೆ ಇತ್ತು. ಪೂರ್ತಿ ಕಟ್ಟನ್ನು ಕಂಡವರು ಯಾರೂ ಇರಲಿಲ್ಲ.

"ಕೂತ್ಕೊಳ್ಳಿ," ಎಂದರು ಕ್ಲಾಯ್ಬರ್. ಎಂಬತ್ತೊಂದು ವರ್ಷದ ಅವರ ಮುಖದಲ್ಲಿ ಆಗ ಗಾಬರಿಯೇನೂ ಇರಲಿಲ್ಲ. "ಐದು ಗಂಟೆಗೆ ಇನ್ನೊಬ್ಬರು ಬರುತ್ತಾರೆ. ನಿಮ್ಮ ದೇಶದವರೇ. ಹೆರ್ ನೆಲ್ಸನ್. ಬೆಲ್ ಒತ್ತಿ ಯಾರೂ ಬರದಿದ್ದರೆ ಏನೋ ಆಗಿದೆ ಎಂದು ಅವರಿಗೆ ಗೊತ್ತಾಗುತ್ತದೆ."

ರಚನಾ ಕೂತಳು.

ನೆಲ್ಸನ್ ಉಡುಪಿ ಕಡೆಯವನು, ಅವಳಂತೆಯೇ ಈ ಕಾರ್ಡುಗಳ ಹಿಂದೆ ಬಿದ್ದವನು. ಇಬ್ಬರೂ ಸ್ನೇಹಿತರು. ಒಟ್ಟಿಗೆ ಊಟ ಮಾಡುತ್ತಾರೆ, ಒಬ್ಬರ ಮನೆಯ ಗಿಡಕ್ಕೆ ಇನ್ನೊಬ್ಬರು ನೀರು ಹಾಕುತ್ತಾರೆ. ಆದರೆ ಕಾರ್ಡು ಎಲ್ಲಿ ಸಿಕ್ಕಿತು ಎಂಬುದನ್ನು ಮಾತ್ರ ಒಬ್ಬರಿಗೊಬ್ಬರು ಹೇಳುವುದಿಲ್ಲ. ಕೂಡಿಡುವವರ ನಡುವೆ ಅದು ತಪ್ಪಲ್ಲ. ಕೇಳುವುದೇ ತಪ್ಪು. ಮೊನ್ನೆ ನೆಲ್ಸನ್ ಆ ತಪ್ಪು ಮಾಡಿದ್ದ. ಫೋನಿನಲ್ಲಿ ಆ ಮಾತುಗಳು ಇನ್ನೂ ಹಾಗೇ ಇದ್ದವು. ತೆಗೆದು ಓದಿದಳು.

"ರೈನ್ ಬದಿಯ ಆ ಮುದುಕನ ಜಾಹೀರಾತು ನೋಡಿದ್ಯಾ ಮಾರಾಯ್ತಿ? ಬ್ರೆಡ್ ಕಾರ್ಡು ಉಂಟಂತೆ."

"ಹೋಗಿ ನೋಡ್ಕೊಂಡೇ ಬಂದೆ ಕಣೋ. ಎಲ್ಲಾ ರೀಪ್ರಿಂಟು. ಸುಮ್ನೆ ಅರ್ಧ ದಿನ ದಂಡ."

"ಹೌದಾ? ನನಗೆ ಶನಿವಾರ ಐದಕ್ಕೆ ಬರ್ಲಿಕ್ಕೆ ಹೇಳಿದ್ರು. ಹಾಗಾದ್ರೆ ಬಿಡ್ತೇನೆ. ಥ್ಯಾಂಕ್ಸ್. ನೀನೊಬ್ಳು ಸತ್ಯ ಹೇಳುವವಳು."

ಕೊನೆಯಲ್ಲೊಂದು ನಗುವ ಮುಖ. ಮೊನ್ನೆ ಅದನ್ನು ಕಂಡು ಗೆದ್ದೆನೆಂದು ತಾನೂ ನಕ್ಕಿದ್ದಳು. ಈಗ ಆ ಪುಟ್ಟ ಹಳದಿ ಮುಖವನ್ನು ದೊಡ್ಡದು ಮಾಡಿ ನೋಡಿದಳು. ವ್ಯಂಗ್ಯವೋ? ವ್ಯಂಗ್ಯವಾಗಿರಲಿ ದೇವರೇ. ಅವನು ನನ್ನನ್ನು ಒಂದು ಚೂರೂ ನಂಬದಿರಲಿ.

ಇನ್ನೂ ಒಂದಿತ್ತು. ಅನೂಪ್ ಪ್ರತಿ ಶನಿವಾರ ಬೆಳಿಗ್ಗೆ ನೆಲ್ಸನ್ ಜೊತೆ ಬ್ಯಾಡ್ಮಿಂಟನ್ ಆಡುತ್ತಾನೆ, ಹೊಟ್ಟೆಯಲ್ಲಿ ಮಾತು ನಿಲ್ಲುವುದಿಲ್ಲ. ಆದ್ದರಿಂದ ಅವನಿಗೂ ಸುಳ್ಳು ಹೇಳಿ ಬಂದಿದ್ದಳು.

"ಎರ್ಲಾಂಗೆನ್‌ಗೆ ಹೋಗ್ತಿದೀನಿ ಕಣೋ, ಸಿಂಚನಾ ಮನೆಗೆ. ರಾತ್ರಿ ಲಾಸ್ಟ್ ಟ್ರೇನಿಗೆ ಬರ್ತೀನಿ."

"ಅಷ್ಟು ದೂರ ಒಂದ್ ದಿನಕ್ಕಾ? ಟ್ರೇನ್ ಲೇಟಾದ್ರೆ ನಾನಂತೂ ಎದ್ದಿರಲ್ಲಪ್ಪ, ಮಲಗಿಬಿಡ್ತೀನಿ."

"ಮಲ್ಕೋ ಮಾರಾಯ, ಕೀ ಇದೆ."

ಮನೆಯಿಂದ ಹೊರಟ ಮೇಲೆ ಫೋನಿನ ಲೊಕೇಶನ್ ಕೂಡ ಆಫ್ ಮಾಡಿದ್ದಳು. ಅನೂಪ್ ಮಲಗುತ್ತಾನೆ. ನಾಳೆ ಬೆಳಿಗ್ಗೆ ಅವಳ ಗೆಳತಿ ಸಿಂಚನಾಳಿಗೆ ಫೋನ್ ಮಾಡುತ್ತಾನೆ. ಸಿಂಚನಾ ಏನೂ ಗೊತ್ತಿಲ್ಲ ಎನ್ನುತ್ತಾಳೆ. ಆಮೇಲೆ ಪೊಲೀಸರು, ಇಲ್ಲಿಂದ ಇನ್ನೂರೈವತ್ತು ಕಿಲೋಮೀಟರ್ ದೂರದ ಊರಿನಲ್ಲಿ, ಸೈಕಲ್ ದಾರಿಗಳಲ್ಲಿ ಅವಳನ್ನು ಹುಡುಕುತ್ತಾರೆ.

"ಹೆರ್ ಕ್ಲಾಯ್ಬರ್," ಎಂದಳು. ದನಿ ಅವಳದೇ ಅಲ್ಲವೆನ್ನಿಸಿತು. "ನೆಲ್ಸನ್ ಬರದೇ ಇರಬಹುದು. ನಿಮಗೆ ಫೋನ್ ಮಾಡಿ ಬರುವುದಿಲ್ಲ ಎಂದರಾ?"

"ಕರೆ ಮಾಡಿದವರ ಮಾತು ಹಿಡಿದಿಡುವ ಯಂತ್ರ ಮೇಲಿದೆ. ಇವತ್ತು ನಾನು ಕೇಳಿಲ್ಲ. ಯಾಕೆ ಬರುವುದಿಲ್ಲ?"

"ನಿಮ್ಮ ಕಾರ್ಡುಗಳು ನಕಲಿ ಎಂದು ನಾನು ಹೇಳಿದೆ. ಅವನು ಬರಬಾರದೆಂದು."

ಬೈಯುತ್ತಾರೆ ಎಂದುಕೊಂಡಳು. ಬೈದಿದ್ದರೆ ಚೆನ್ನಾಗಿತ್ತು.

"ನಿಮ್ಮ ಮನೆಯವರಿಗೆ ನೀವು ಇಲ್ಲಿರುವುದು ಗೊತ್ತಿದೆಯೇ?"

"ಇಲ್ಲ."

"ಅದೂ ಇದೇ ಕಾರಣಕ್ಕೆ?"

"ಹೌದು."

ಅವರು ಶರ್ಟಿನ ಜೇಬು ಮುಟ್ಟಿಕೊಂಡರು. ಮತ್ತೆ ಪ್ಯಾಂಟಿನ ಜೇಬು. "ನನ್ನ ಸ್ಪ್ರೇ ಅಡುಗೆಮನೆಯ ಮೇಜಿನ ಮೇಲಿದೆ. ಹೃದಯಕ್ಕೆ. ಬೇಕಾಗಲಿಕ್ಕಿಲ್ಲ." ಎಂದವರು ನಿಧಾನವಾಗಿ ಬಾಗಿಲ ಪಕ್ಕದ ಗೋಡೆಗೊರಗಿ ನೆಲದ ಮೇಲೆ ಕೂತರು. ಅವರ ಹಣೆಯಲ್ಲಿ ಬೆವರು ಮೂಡಿದ್ದು ರಚನಾಳಿಗೆ ಕಾಣಿಸಿತು. ಆ ಕೋಣೆಯಲ್ಲಿ ಬೆವರುವಷ್ಟು ಸೆಕೆ ಇರಲಿಲ್ಲ.

ರಚನಾ ಬಾಗಿಲಿಗೆ ಹೋಗಿ ಗುದ್ದಿದಳು, ಕೂಗಿದಳು, ಮೊದಲು ಜರ್ಮನ್‌ನಲ್ಲಿ, ಆಮೇಲೆ ಕನ್ನಡದಲ್ಲಿ, ಕೊನೆಗೆ ಯಾವ ಭಾಷೆಯೂ ಅಲ್ಲದ್ದರಲ್ಲಿ. ಗಂಟಲು ಹರಿದ ಹಾಗಾಗಿ ದನಿ ಕಟ್ಟಿತು. ಬಾಗಿಲಾಚೆ ನೆಲಮಾಳಿಗೆಯ ನಡೆಹಾದಿ, ಅದರಾಚೆ ಮೆಟ್ಟಿಲು, ಅದರಾಚೆ ಬೀಗ ಹಾಕಿದ ಮನೆ.

"ಅಲ್ಲಿ ಅಲ್ಲ," ಎಂದರು ಕ್ಲಾಯ್ಬರ್ ಕೆಳಗಿನಿಂದ. ಎದುರಿನ ಕಪಾಟಿನ ಕಡೆ ಬೆರಳು ತೋರಿಸಿದರು. "ಅದರ ಹಿಂದೆ, ಮೇಲೆ. ಗಾಳಿ ಕೊಳವೆ ಇದೆ. ಪಕ್ಕದ ಓಣಿಗೆ ತೆರೆಯುತ್ತದೆ. ನಾನೇ ಫೋಮ್ ತುಂಬಿ ಮುಚ್ಚಿದೆ."

"ಯಾಕೆ?"

"ತೇವ."

ಕಪಾಟಿನ ತುಂಬ ಪ್ಲಾಸ್ಟಿಕ್ ಪೆಟ್ಟಿಗೆಗಳು. ರಚನಾ ಎಳೆದೆಳೆದು ಕೆಳಗೆ ಹಾಕಿದಳು. ಎರಡು ಪೆಟ್ಟಿಗೆ ಒಡೆದು ಕಾರ್ಡುಗಳು ನೆಲದ ಮೇಲೆ ಚೆಲ್ಲಿದವು. ಬೇರೆ ದಿನವಾಗಿದ್ದರೆ ಉಸಿರು ಬಿಗಿಹಿಡಿದು ಅಂಚಿನಲ್ಲಿ ಹಿಡಿಯುತ್ತಿದ್ದ ಕಾರ್ಡುಗಳ ಮೇಲೆ ಈಗ ಶೂ ಕಾಲಿಟ್ಟು ನಿಂತಿದ್ದಳು. ಮುದುಕರು ಕಣ್ಣು ಮುಚ್ಚಿಕೊಂಡರು. ಕಪಾಟಿನ ಹಿಂಬದಿಯ ಉದ್ದನೆಯ ಕಬ್ಬಿಣದ ಸರಳೊಂದು ತಿರುಚಿದಾಗ ಕಿತ್ತುಬಂತು.

ಕೊಳವೆ ಮುಷ್ಟಿಯಷ್ಟು ಅಗಲ. ಫೋಮ್ ಒಣಗಿ ಕಲ್ಲಾಗಿತ್ತು. ಕುರ್ಚಿಯ ಮೇಲೆ ನಿಂತು ಸರಳಿನಿಂದ ಕುಟ್ಟಿದಳು. ಹಳದಿ ಪುಡಿ ಕಣ್ಣಿಗೆ ಬಿತ್ತು. ಕುಟ್ಟಿದಷ್ಟೂ ಉಸಿರು ಹೆಚ್ಚು ಬೇಕು, ಉಸಿರು ಹೆಚ್ಚಿದಷ್ಟೂ ಲೆಕ್ಕ ತಪ್ಪುತ್ತದೆ. ಅದು ಗೊತ್ತಿದ್ದೂ ಕುಟ್ಟಿದಳು. ಅಂಗೈ ಸುಲಿದು ಸರಳು ಜಾರುತ್ತಿತ್ತು. ನಾಲ್ಕೂವರೆ ದಾಟಿದ ಮೇಲೆ ಸರಳು ಇದ್ದಕ್ಕಿದ್ದಂತೆ ಮುಂದಕ್ಕೆ ಹೋಯಿತು, ಆ ಕಡೆ ತುಕ್ಕು ಹಿಡಿದ ಜಾಲರಿ ಕಳಚಿ ಬಿತ್ತು. ಕೊಳವೆಯ ತುದಿಯಲ್ಲಿ ಮುಷ್ಟಿಯಗಲದ ದುಂಡು ಬೆಳಕು.

ಹುಲ್ಲಿನ ವಾಸನೆ ಬಂತು. ಜೊತೆಗೆ ಸದ್ದು. ಪಕ್ಕದ ಮನೆಯವರು ಹುಲ್ಲು ಕತ್ತರಿಸುವ ಯಂತ್ರ ಓಡಿಸುತ್ತಿದ್ದರು. ಭಾನುವಾರ ಸದ್ದು ಮಾಡಬಾರದೆಂದು ಇಲ್ಲಿ ಕಾನೂನು, ಹಾಗಾಗಿ ಊರಿಗೆ ಊರೇ ಶನಿವಾರ ಹುಲ್ಲು ಕತ್ತರಿಸುತ್ತದೆ. ರಚನಾ ಕೊಳವೆಗೆ ಬಾಯಿಟ್ಟು ಕೂಗಿದಳು. ಹೊರಟಿದ್ದು ಬರೀ ಗಾಳಿ. ಗಂಟಲಲ್ಲಿ ದನಿಯೇ ಉಳಿದಿರಲಿಲ್ಲ.

"ನೀವು ಕೂಗಿ," ಎಂದು ಪಿಸುಗುಟ್ಟಿದಳು.

ಕ್ಲಾಯ್ಬರ್ ತಲೆಯಾಡಿಸಿದರು. ಅವರ ತುಟಿ ಬೂದಿ ಬಣ್ಣಕ್ಕೆ ತಿರುಗಿತ್ತು. ಎಡಗೈಯನ್ನು ಬಲಗೈಯಿಂದ ಹಿಡಿದುಕೊಂಡಿದ್ದರು. ಅವರ ಹೃದಯಕ್ಕೆ ಬುಧವಾರದವರೆಗೆ ಸಮಯವಿಲ್ಲ ಎಂಬುದು ಅವಳಿಗೆ ಆಗ ಅರ್ಥವಾಯಿತು. ಇಂದಿನ ಸಂಜೆಯವರೆಗೂ ಇಲ್ಲವೇನೋ. ನಾಲ್ಕು ಮೀಟರ್ ಉದ್ದದ ಕೋಣೆಯಲ್ಲಿ, ತಾನೇ ಮುಚ್ಚಿದ ಬಾಗಿಲಿನ ಹಿಂದೆ, ಒಬ್ಬ ಮನುಷ್ಯ ತನ್ನೆದುರು ಸಾಯುತ್ತಾನೆ. ಆಮೇಲೂ ತಾನು ಅವನ ಜೊತೆ ಇಲ್ಲಿಯೇ ಇರಬೇಕಾಗುತ್ತದೆ.

"ಬರೆದು ಹೊರಗೆ ತಳ್ಳಿ," ಎಂದರು ಅವರು. ಒಂದೊಂದು ಮಾತಿಗೂ ನಿಲ್ಲುತ್ತ.

ಪೆನ್ನು ಇರಲಿಲ್ಲ. ಕಾರ್ಡಿನ ಕೋಣೆಯಲ್ಲಿ ಯಾರೂ ಶಾಯಿ ಇಡುವುದಿಲ್ಲ. ಪೆನ್ಸಿಲ್ ಇತ್ತು. ಕೈಗೆ ಸಿಕ್ಕ ಬ್ರೆಡ್ ಕಾರ್ಡಿನ ಮೇಲೆ ಗೀಚಿದಳು. ಮೂಡಲಿಲ್ಲ. ಬ್ರೆಡ್ಡಿನ ಹಬೆಗೆ ಹಾಳಾಗದಿರಲೆಂದು ಬೇಕರಿಯವನು ಅವಕ್ಕೆ ಮೇಣ ಸವರಿಸಿದ್ದ. ಮನೆಯ ಕೀಲಿಕೈಯಿಂದ ಕೆರೆದಳು. ನೆರವಿಗೆ ಕರೆಯುವ ಐದಕ್ಷರದ ಜರ್ಮನ್ ಪದ, ಸೊಟ್ಟಪಟ್ಟ.

"ಅದಲ್ಲ," ಎಂದರು ಕ್ಲಾಯ್ಬರ್. "ಒಂಬತ್ತನೆಯದು ನನ್ನ ಹತ್ತಿರ ಎರಡಿದೆ. ಅದನ್ನು ಮೊದಲು."

ಅವರ ಮುಖ ನೋಡಿದಳು. ತಮಾಷೆಯಲ್ಲ. ನೆಲದಲ್ಲಿ ತಡಕಿ ಒಂಬತ್ತನೆಯದನ್ನು ಹುಡುಕಿ, ಕೆರೆದು, ಸರಳಿನ ತುದಿಯಿಂದ ಹೊರಗೆ ತಳ್ಳಿದಳು. ಆಮೇಲೆ ಕೈಗೆ ಸಿಕ್ಕಿದ್ದೆಲ್ಲ. ನಾಲ್ಕು. ಹನ್ನೊಂದು. ಏಪ್ರನ್ ತೊಟ್ಟವನು. ಬ್ಯಾಟು ತಲೆಕೆಳಗು ಹಿಡಿದವನು. ಒಂದೊಂದೂ ಬೆಳಕಿನ ತೂತಿನಲ್ಲಿ ಒಂದು ಕ್ಷಣ ಕಪ್ಪಾಗಿ ಕಂಡು ಬಿದ್ದುಹೋಗುತ್ತಿತ್ತು. ಐದು ಗಂಟೆ. ಐದೂ ಹತ್ತು. ಯಾವ ಬೆಲ್ಲೂ ಕೇಳಿಸಲಿಲ್ಲ. ಈ ಗೋಡೆಗಳ ಒಳಗೆ ಕೇಳಿಸುವಂಥದ್ದೂ ಅಲ್ಲ. ನೆಲ್ಸನ್ ಬಂದು ಹೋಗಿಯೇಬಿಟ್ಟನೋ, ತನ್ನನ್ನು ನಂಬಿ ಮನೆಯಲ್ಲಿ ಮಲಗಿದ್ದಾನೋ.

ಕ್ಲಾಯ್ಬರ್ ಅವರ ತಲೆ ಎದೆಯ ಮೇಲೆ ವಾಲಿತು. ಹಾರಿ ಇಳಿದು ಅವರ ಕೆನ್ನೆ ತಟ್ಟಿದಳು. ಕಣ್ಣು ತೆರೆದರು.

"ಹದಿನೇಳನೆಯದು," ಎಂದರು. "ಅದು ಮಾತ್ರ ಬೇಡ."

ಮತ್ತೆ ಕುರ್ಚಿ ಹತ್ತಿದಳು. ಇಪ್ಪತ್ತೆರಡನೆಯ ಕಾರ್ಡನ್ನು ತಳ್ಳಿದಳು. ಅರ್ಧ ಹೋಗಿತ್ತು, ಆಗ ಆ ಕಡೆಯಿಂದ ಯಾರೋ ಎಳೆದುಕೊಂಡರು.

ರಚನಾಳ ಮೈಯ ಕೂದಲೆಲ್ಲ ನಿಂತಿತು. ಬೆಳಕು ಮುಚ್ಚಿಹೋಯಿತು. ಯಾರೋ ತೂತಿನ ಮುಂದೆ ಕೂತಿದ್ದರು. ಮಾತಿಲ್ಲ. ಹುಲ್ಲಿನ ಯಂತ್ರದ ಸದ್ದು ಮಾತ್ರ. ಇನ್ನೊಂದು ಕಾರ್ಡು ತಳ್ಳಿದಳು. ಎರಡು ಬೆರಳುಗಳು ಬಂದು ಅದನ್ನು ಹಿಡಿದವು. ಅಂಚನ್ನು ಮಾತ್ರ ಹಿಡಿದವು, ಮೂಲೆ ಮಡಿಯದ ಹಾಗೆ, ಮುಖದ ಮೇಲೆ ಗುರುತು ಬೀಳದ ಹಾಗೆ. ಹಾಗೆ ಹಿಡಿಯುವವರು ಈ ಊರಿನಲ್ಲಿ ಎಷ್ಟು ಜನ? ಅವಳಿಗೆ ಅಳು ಬಂತು. ಇನ್ನೊಂದು ತಳ್ಳಿದಳು. ಅದೂ ಹೋಯಿತು. ಓದುತ್ತಿಲ್ಲ. ಬರೀ ತೆಗೆದುಕೊಳ್ಳುತ್ತಿದ್ದಾನೆ. ಗೋಡೆಯಿಂದ ಕಾರ್ಡು ಬರುತ್ತಿದ್ದರೆ ಯಾಕೆ ಎಂದು ಕೇಳದೆ ಬೊಗಸೆ ಒಡ್ಡುವ ಜಾತಿ ತಮ್ಮದು.

ಕಾರ್ಡು ಕೊಡುವುದನ್ನು ನಿಲ್ಲಿಸಿದಳು.

ಸ್ವಲ್ಪ ಹೊತ್ತು ಏನೂ ಆಗಲಿಲ್ಲ. ಆಮೇಲೆ ಕೊಳವೆಯಲ್ಲಿ ಒಂದು ಬಾಯಿ ಹತ್ತಿರ ಬಂತು. ಹರಕುಮುರುಕು ಜರ್ಮನ್‌ನಲ್ಲಿ, ಬಹಳ ವಿನಯದಿಂದ, ಇನ್ನೂ ಇದೆಯೇ ಎಂದು ಕೇಳಿತು.

ರಚನಾ ಸರಳನ್ನು ಎತ್ತಿ ಆ ಬಾಯಿಯ ಕಡೆಗೆ ನೂಕಿದಳು.

"ಅಯ್ಯೋ ಅಮ್ಮ! ಎಂತದಿದು!"

"ನೆಲ್ಸನ್," ಎಂದಳು. ಪಿಸುಮಾತು. ಮತ್ತೆ, "ನೆಲ್ಸನ್, ನಾನು ಕಣೋ."

"ಯಾರು? ರಚನಾ? ಒಳಗೆ ಎಂತ ಮಾಡ್ತಿದ್ದಿ ಮಾರಾಯ್ತಿ?"

"ಬಾಗಿಲು ಲಾಕ್ ಆಗಿದೆ. ಮುದುಕರಿಗೆ ಹಾರ್ಟು. ಆಂಬುಲೆನ್ಸ್ ಕರಿ. ಕಾರ್ಡು ಬಿಸಾಕೋ, ಆಂಬುಲೆನ್ಸ್ ಕರಿ!"

"ಆಯ್ತು, ಆಯ್ತು, ಕೂಗ್ಬೇಡ," ಎಂದ ಅವನು, ಅವಳ ದನಿ ಅವನಿಗೆ ಕೇಳಿಸಿದ್ದೇ ಹೆಚ್ಚು. ಬೆಳಕು ವಾಪಸು ಬಂತು. ಓಡುವ ಶೂ ಸದ್ದು. ಆಮೇಲೆ, ಬಹಳ ದೂರದಲ್ಲಿ ಎಂಬಂತೆ, ಗಾಜು ಒಡೆದದ್ದು.

ಅವನು ಕೆಳಗೆ ಬರಲು ತೆಗೆದುಕೊಂಡ ಹೊತ್ತು ಎಷ್ಟೆಂದು ಅವಳಿಗೆ ತಿಳಿಯಲಿಲ್ಲ. ಅಷ್ಟು ಹೊತ್ತೂ ಕ್ಲಾಯ್ಬರ್ ಅವರ ಕೈ ಹಿಡಿದು ಅವರ ಉಸಿರನ್ನು ಎಣಿಸುತ್ತಿದ್ದಳು. ಒಂದು ಉಸಿರಿಗೂ ಇನ್ನೊಂದಕ್ಕೂ ನಡುವೆ ಬಿಡುವು ಬೆಳೆಯುತ್ತಿತ್ತು. ಪ್ರತಿ ಬಿಡುವಿನಲ್ಲೂ ತನ್ನ ಉಸಿರನ್ನೂ ಹಿಡಿಯುತ್ತಿದ್ದಳು. ಇದೇ ಕೊನೆಯದು ಎಂದು ಮೂರು ಸಲ ಅನ್ನಿಸಿತು.

ಹಿಡಿಕೆ ಎದ್ದ ಸದ್ದು. ರಬ್ಬರು ಚೌಕಟ್ಟನ್ನು ಬಿಟ್ಟಿತು. ನೆಲ್ಸನ್ ಬಾಗಿಲಲ್ಲಿ ನಿಂತಿದ್ದ, ಗಾಜು ತಾಗಿ ಮೊಣಕೈಯಲ್ಲಿ ರಕ್ತ, ಜೇಬಿನಲ್ಲಿ ಕಾರ್ಡುಗಳ ಉಬ್ಬು.

"ಬಾಗಿಲು ಬಿಡಬೇಡ!" ಎಂದಳು. "ಒಳಗೆ ಬರಬೇಡ. ಅಲ್ಲೇ ನಿಲ್ಲು. ಬಿಡಬೇಡ."

ಅವನು ಎರಡೂ ಕೈಯಿಂದ ಬಾಗಿಲನ್ನು ಅಪ್ಪಿಕೊಂಡು ನಿಂತ. ರಚನಾ ಅವನ ಕಂಕುಳಡಿ ನುಗ್ಗಿ ಮೆಟ್ಟಿಲು ಹತ್ತಿ ಅಡುಗೆಮನೆಯಿಂದ ಸ್ಪ್ರೇ ತಂದಳು. ವಾಪಸು ಆ ಹೊಸ್ತಿಲಲ್ಲಿ ನಿಂತುಬಿಟ್ಟಳು. ನೆಲ್ಸನ್‌ನ ಶರ್ಟನ್ನು ಒಂದು ಕೈಯಲ್ಲಿ ಬಿಗಿಹಿಡಿದು, ಇನ್ನೊಂದು ಕೈ ಚಾಚಿ ಮುದುಕರ ನಾಲಿಗೆಯಡಿ ಸ್ಪ್ರೇ ಒತ್ತಿದಳು.

ಆಂಬುಲೆನ್ಸಿನವರು ಸ್ಟ್ರೆಚರ್‌ನಲ್ಲಿ ಅವರನ್ನು ಒಯ್ದರು. ಬದುಕುತ್ತಾರಾ ಎಂದು ಕೇಳಿದ್ದಕ್ಕೆ ಅವರಲ್ಲೊಬ್ಬಳು, ಆಸ್ಪತ್ರೆಯಲ್ಲಿ ನೋಡೋಣ, ಎಂದಳು. ಬಾಗಿಲು ಯಾರು ಮುಚ್ಚಿದ್ದು ಎಂದೂ ಕೇಳಿದಳು. ನಾನು, ಎಂದಳು ರಚನಾ. ಅವಳು ಬರೆದುಕೊಂಡಳು.

ಹೊರಗೆ, ಮನೆ ಪಕ್ಕದ ಓಣಿಯಲ್ಲಿ ಇಬ್ಬರೇ ಉಳಿದರು. ಹುಲ್ಲಿನ ಯಂತ್ರ ನಿಂತಿತ್ತು.

"ನಾನು ಹೇಳಿದ್ದನ್ನ ನೀನು ನಂಬಿರ್ಲಿಲ್ಲ," ಎಂದಳು.

"ನಂಬಿದ್ದೆ ಮಾರಾಯ್ತಿ. ಕ್ಯಾನ್ಸಲ್ ಮಾಡ್ಲಿಕ್ಕೆ ಫೋನ್ ಕೂಡ ಮಾಡಿದ್ದೆ, ಮೆಷಿನ್ ತೆಗೀತು. ಬೆಳಿಗ್ಗೆ ನಿನ್ನ ಗಂಡ ಹೇಳಿದ, ರಚನಾ ಎರ್ಲಾಂಗೆನ್‌ಗೆ ಹೋಗಿದ್ದಾಳೆ, ಕಾರ್ಡು ಹಾಕುವ ನೂರು ಪ್ಲಾಸ್ಟಿಕ್ ಸ್ಲೀವ್ ತಕ್ಕೊಂಡು ಹೋಗಿದ್ದಾಳೆ ಅಂತ. ಗೆಳತಿ ಮನೆಗೆ ಹೋಗುವವಳಿಗೆ ಸ್ಲೀವ್ ಎಂತಕ್ಕೆ? ಅದಕ್ಕೇ ಬಂದೆ, ಬೆಲ್ಲಿಗೆ ಯಾರೂ ಬರ್ಲಿಲ್ಲ, ಈ ಬದಿಗೆ ಬಂದ್ರೆ ಗೋಡೆಯಿಂದ ಕಾರ್ಡು!" ಅವನು ನಗಲು ನೋಡಿದ, ಅವಳ ಮುಖ ಕಂಡು ನಿಲ್ಲಿಸಿದ. ಜೇಬಿನಿಂದ ಕಾರ್ಡುಗಳನ್ನು ತೆಗೆದು ಅವಳ ಮುಂದೆ ಹಿಡಿದ. ಒಂದನ್ನು ತಿರುಗಿಸಿದ. ಕೆರೆದ ಅಕ್ಷರಗಳನ್ನು ಈಗ ಓದಿದ.

"ಡ್ಯಾಮೇಜ್ ಅಂತ ಎಣಿಸಿದ್ದೆ," ಎಂದ ಮೆಲ್ಲಗೆ. "ಬೇಜಾರಾಗಿತ್ತು ನನಗೆ."

ರಚನಾ ಕಾರ್ಡು ಮುಟ್ಟಲಿಲ್ಲ. ಫೋನಿನಲ್ಲಿ ಸಿಗ್ನಲ್ ಬಂದಿತ್ತು. ಅನೂಪ್‌ಗೆ ಕರೆ ಮಾಡಿದಳು.

"ಏನೇ, ಹೊರಟ್ಯಾ ಅಲ್ಲಿಂದ? ಸಿಂಚನಾ ಹೆಂಗಿದಾಳೆ?"

"ಅನೂಪ್, ಒಂದ್ ಅಡ್ರೆಸ್ ಹೇಳ್ತೀನಿ, ಬರ್ಕೋ."

"ಯಾಕೆ, ವಾಯ್ಸ್ ಯಾಕೆ ಹಿಂಗಾಗಿದೆ? ಏನಾಯ್ತು?"

"ಮೊದ್ಲು ಬರ್ಕೋ."

ಗೋಡೆಯ ಮೇಲಿನ ನಂಬರ್ ನೋಡಿ ಹೇಳಿದಳು. ಬೀದಿಯ ಹೆಸರು ಹೇಳಿದಳು, ಊರಿನ ಹೆಸರು, ಪಿನ್ ಕೋಡು. ಟ್ರಾಮ್ ಇಳಿದು ಬಲಕ್ಕೆ, ಎಂದಳು. ಹಸಿರು ಗೇಟು. ಮೆಟ್ಟಿಲಿಳಿದರೆ ಎಡಗಡೆ ಕಬ್ಬಿಣದ ಬಾಗಿಲು. ಬರೆದಾಯಿತಾ ಎಂದು ಕೇಳಿದಳು. ಆಯ್ತು ಎಂದ. ಓದು ಎಂದಳು. ಅವನು ಓದುತ್ತಿದ್ದ ಹಾಗೆ ತನ್ನ ಬಲಗೈ ಇನ್ನೂ ನೆಲ್ಸನ್‌ನ ಶರ್ಟನ್ನು ಹಿಡಿದಿರುವುದು ಅವಳಿಗೆ ಗೊತ್ತಾಯಿತು. ಬಿಡಲಿಲ್ಲ.

"ಇನ್ನೊಂದ್ಸಲ ಓದು," ಎಂದಳು.